ಸಾಲಿಗೆ ನಲವತ್ತು ಪೈಸೆ

ಮೊದಲು ಕೂತುಕೋ. ಆ ಕುರ್ಚಿ ಬೇಡ, ಅದರ ಕಾಲು ಸರಿ ಇಲ್ಲ.
ಸಂಬಳ ಎಷ್ಟೆಂದು ಕೇಳಿದ್ದಕ್ಕೆ ನಾಚಬೇಡ.
ಗೋಣಿಕೊಪ್ಪದ ಈ ಮಹಡಿ ಹತ್ತಿದವರೆಲ್ಲ
ಕೇಳಬೇಕಾದ್ದು ಅದನ್ನೇ. ನಾನು ಕೇಳಿರಲಿಲ್ಲ,
ಹನ್ನೊಂದು ವರ್ಷವಾಯಿತು.

ಸಾಲಿಗೆ ನಲವತ್ತು ಪೈಸೆ.
ಒಂದು ಸಾಲೆಂದರೆ ಒಬ್ಬ ಮನುಷ್ಯ:
ಹೆಸರು, ಅಪ್ಪನ ಹೆಸರು, ಊರು, ವಯಸ್ಸು, ಜಾತಿ.
ಕೈ ಪಳಗಿದರೆ ದಿನಕ್ಕೆ ಎಂಟುನೂರು ಮನುಷ್ಯರು.
ತಪ್ಪೊಂದಕ್ಕೆ ಎರಡು ರೂಪಾಯಿ ಮುರಿಯುತ್ತಾರೆ,
ಅಂದರೆ ಯಾರದೋ ಅಪ್ಪ ಅದಲುಬದಲಾದರೆ
ಐದು ಜನರನ್ನು ಪುಕ್ಕಟೆ ಬರೆದ ಹಾಗೆ.
ಲೆಕ್ಕ ಹಾಕಿದೆಯಾ? ಹಾಕು. ಮುನ್ನೂರ ಇಪ್ಪತ್ತು.
ಕೆಳಗಿನ ಅಂಗಡಿಯಲ್ಲಿ ಕರಿಮೆಣಸು ತೂಗುವ ಹುಡುಗನಿಗೂ ಅಷ್ಟೇ,
ಮೇಲೆ ಒಂದು ಊಟ.
ತೋಟದಲ್ಲಾದರೆ ಹೆಚ್ಚು, ನಿನ್ನ ಅವ್ವನಿಗೆ ಗೊತ್ತು.
ಆದರೆ ಇಲ್ಲಿ ಜಿಗಣೆ ಇಲ್ಲ. ಫ್ಯಾನ್ ಉಂಟು.

ಬೇರೆ ಕಡೆಯೂ ವಿಚಾರಿಸು, ಬೇಡ ಅನ್ನುವವಳಲ್ಲ ನಾನು.
ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ
ಲಾರಿ ನಂಬರು, ಮೂಟೆ, ತೂಕ ಹೊಡೆಯುವ ಕೆಲಸ,
ಹನ್ನೆರಡು ಸಾವಿರ, ಪಿ.ಎಫ್. ಕೂಡ;
ಸರ್ಕಾರಿ ಬಸ್ಸು ಸಿಕ್ಕಿದ ದಿನ ಬಿಟ್ಟಿ,
ಸಿಗದ ದಿನ ಅರ್ಧ ಕೂಲಿ ಖಾಸಗಿಯವನ ಜೇಬಿಗೆ.
ತಾಲೂಕು ಕಚೇರಿಯದು ಹದಿನಾಲ್ಕು,
ಏಜೆನ್ಸಿ ದಾಟಿ ಬರುವಾಗ ಹತ್ತೂವರೆ.
ಮನೆಯಲ್ಲೇ ಕೂತು ಮೂವತ್ತು ಸಾವಿರ ಗಳಿಸಿ
ಅಂತ ಮೊಬೈಲಿಗೆ ಬರುತ್ತದಲ್ಲ,
ಮೊದಲು ಎರಡು ಸಾವಿರ ಕಟ್ಟಿ ಅನ್ನುತ್ತಾರೆ.
ಸುಹರಾ ಕಟ್ಟಿದಳು.
ಅವಳ ಓಲೆ ಇನ್ನೂ ಗಿರವಿ ಅಂಗಡಿಯಲ್ಲಿದೆ.

ಎಲ್ಲಿ, ಅರ್ಜಿ ಕೊಡು.
ಮುತ್ತೆ. ಮುತ್ತೆ, ಆಮೇಲೊಂದು ಚುಕ್ಕಿ.
ರೇಷನ್ ಕಾರ್ಡಿನಲ್ಲೂ ಚುಕ್ಕಿ, ಮಾರ್ಕ್ಸ್ ಕಾರ್ಡಿನಲ್ಲೂ.
ಏನಿದೆಂದರೆ ‘ಇನಿಶಿಯಲ್ಲು’ ಅನ್ನುತ್ತೀ.

ಇಲ್ಲಿ ಕೇಳು.
ನಾನು ಸೇರಿದ ವರ್ಷ ತಿತಿಮತಿ ಕಡೆಯ ಹಾಡಿಗಳ ಪಟ್ಟಿ ಬಂತು.
ಎರಡನೇ ಚೌಕಕ್ಕೊಂದು ಕೆಂಪು ನಕ್ಷತ್ರ,
ತುಂಬದೆ ಮುಂದಕ್ಕೆ ಬಿಡದು.
ಕೊಡವರ ಮನೆಹೆಸರಾದರೆ ಉದ್ದ,
ಚೌಕದ ಗೋಡೆಗೆ ಹಣೆ ಜಜ್ಜಿ
ಕೊನೆಯ ‘ಂಡ’ ಕಳೆದುಕೊಂಡು ನಿಲ್ಲುತ್ತಿತ್ತು.
ಮರುದಿನವೇ ಜೀಪಿನಲ್ಲಿ ಯಾರಾದರೂ ಬಂದು
ಮೇಜು ಗುದ್ದಿ ಸರಿ ಮಾಡಿಸುತ್ತಿದ್ದರು.
ಕಾಳ ಬರೀ ಕಾಳ. ಬೊಳ್ಳಿ ಬರೀ ಬೊಳ್ಳಿ.
ಮ್ಯಾನೇಜರಿಗೆ ಫೋನ್ ಮಾಡಿದೆ, ‘ಏನಾದರೂ ಹಾಕಮ್ಮಾ’ ಅಂದ.
ಚುಕ್ಕಿ ಹಾಕಿದೆ.
ಯಂತ್ರ ಒಪ್ಪಿಕೊಂಡಿತು, ಹಸಿರಾಯಿತು.
ಮಧ್ಯಾಹ್ನದೊಳಗೆ ಇನ್ನೂರ ಹತ್ತು ಚುಕ್ಕಿ,
ಎಂಬತ್ತನಾಲ್ಕು ರೂಪಾಯಿ
(ಆಗಲೂ ನಲವತ್ತೇ ಪೈಸೆ).
ಅದರಲ್ಲೊಂದು ಸಾಲಿನ ವಯಸ್ಸು ಒಂಬತ್ತು ಇದ್ದಿರಬೇಕು.
ಆ ದುಡ್ಡಿನಲ್ಲಿ ಏನು ಕೊಂಡೆನೋ. ಮತ್ತಿ ಮೀನು ಇರಬಹುದು.

ತಿದ್ದಬಹುದು, ತಿದ್ದಲಾಗದ್ದೇನಲ್ಲ.
ಪೊನ್ನಂಪೇಟೆಗೆ ಹೋಗಿ ಅರ್ಜಿ, ಅಫಿಡವಿಟ್,
ಸಾಹೇಬರಿಲ್ಲ ನಾಳೆ ಬನ್ನಿ.
ಒಟ್ಟು ನಾಲ್ಕು ದಿನದ ಕೂಲಿ.
ನಾನು ಹಾಕಿದ್ದು ರೆಪ್ಪೆ ಬಡಿಯುವಷ್ಟರಲ್ಲಿ.

ಯಾಕೆ ನಗುತ್ತೀ?

‘ಅಕ್ಕಾ, ನಮ್ಮ ಹಾಡಿಯಲ್ಲಿ ಎಲ್ಲರಿಗೂ ಅದೇ ಇನಿಶಿಯಲ್ಲು.
ಸರ್ಕಾರದವರು ನಮಗೂ ಒಂದು ಮನೆಹೆಸರು ಕೊಟ್ಟಿದ್ದಾರೆ ಅಂತ
ನಮ್ಮಜ್ಜ ಹೇಳುತ್ತಿದ್ದ.’

ನಗಬೇಡ ಮಾರಾಯ್ತಿ.

ತಗೋ, ಈ ಕಟ್ಟಿನಿಂದ ಶುರು ಮಾಡು.
ಚುಕ್ಕಿಯ ಕೀಲಿ ಸವೆದಿದೆ, ಒತ್ತಿ ಹೊಡೆಯಬೇಕು.
ಸಂಬಳ ಹತ್ತನೇ ತಾರೀಕು ಅನ್ನುತ್ತಾರೆ,
ಹದಿನೆಂಟೆಂದು ಇಟ್ಟುಕೋ.
ಸಂಜೆ ಐದೂಕಾಲಿಗೆ ಅರ್ಧ ಸಾಲಿದ್ದರೂ ಎದ್ದುಬಿಡು.
ಆಮೇಲಿನ ಬಸ್ಸು ದಾರಿಯಲ್ಲಿ ಆನೆ ನಿಂತರೆ ನಿಲ್ಲುತ್ತದೆ,
ನಿಂತ ಹೊತ್ತಿಗೆ ಕಂಪನಿ
ಪೈಸೆ ಕೊಡುವುದಿಲ್ಲ.